ಪರದೆಯ ಮಸುಕು: ದೋಷವೆಲ್ಲಿದೆ?

ಯಂತ್ರವೊಂದು ಸರಿಯಾಗಿ ಕೆಲಸ ಮಾಡದಿದ್ದಾಗ ಕಣ್ಣಿಗೆ ಕಾಣುವ ಭಾಗವನ್ನೇ ಮೊದಲು ದೂರುವುದು ಮನುಷ್ಯ ಸ್ವಭಾವ. ದೀಪ ಮಂಕಾದರೆ ಬಲ್ಬಿನ ಮೇಲೆ ಆಪಾದನೆ; ನೀರು ಬಾರದಿದ್ದರೆ ನಲ್ಲಿಯ ಮೇಲೆ. ತಂತಿಯಲ್ಲಿಯೋ ಕೊಳವೆಯಲ್ಲಿಯೋ ದೋಷವಿರಬಹುದೆಂಬುದು ಆಮೇಲೆ ಹೊಳೆಯುವ ಮಾತು. ಲ್ಯಾಪ್‌ಟಾಪಿನ ಪರದೆಯ ವಿಷಯದಲ್ಲಿ ನಡೆಯುತ್ತಿರುವುದೂ ಇದೇ. ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸನ್ನು ಹಾಕಿದ ದಿನವೇ ಅಕ್ಷರಗಳು ಮಸುಕಾಗಿ, ಚಿತ್ರಗಳು ಅಡ್ಡಗಲವಾಗಿ ಕಂಡರೆ, ಒಬ್ಬರು ಪರದೆ ಕೆಟ್ಟಿತೆನ್ನುತ್ತಾರೆ. ಇನ್ನೊಬ್ಬರು ಲಿನಕ್ಸೇ ಹೀಗೆ ಎನ್ನುತ್ತಾರೆ. ಮತ್ತೊಬ್ಬರು ತಮ್ಮ ಕನ್ನಡಕದ ಗಾಜನ್ನು ಒರೆಸಿಕೊಳ್ಳುತ್ತಾರೆ. ಈ ಮೂವರ ತರ್ಕವೂ ಬಹುಮಟ್ಟಿಗೆ ತಪ್ಪೆಂದೂ, ದೋಷವು ನಾಲ್ಕನೆಯ ಕಡೆಯಲ್ಲಿದೆಯೆಂದೂ, ಅದರ ಪರಿಹಾರಕ್ಕೆ ಸಾಮಾನ್ಯವಾಗಿ ಒಂದು ರೂಪಾಯಿಯೂ ಬೇಕಾಗುವುದಿಲ್ಲವೆಂದೂ ಹೇಳುವುದು ಈ ಲೇಖನದ ಉದ್ದೇಶ.

ಈ ಮಾತಿಗೆ ಈಗ ವಿಶೇಷ ಪ್ರಸಕ್ತಿಯುಂಟು. 2025ನೆಯ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11 ತನಗೆ ಬೇಕಾದ ಯಂತ್ರಾಂಶದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಇಂಟೆಲ್ ಸಂಸ್ಥೆಯ ಎಂಟನೆಯ ಪೀಳಿಗೆಗಿಂತ ಹಿಂದಿನ ಪ್ರೊಸೆಸರುಗಳುಳ್ಳ ಯಂತ್ರಗಳನ್ನು ಅದು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೀಗಾಗಿ ಇನ್ನೂ ಚೆನ್ನಾಗಿ ದುಡಿಯಬಲ್ಲ ಅಸಂಖ್ಯ ಲ್ಯಾಪ್‌ಟಾಪುಗಳ ಮುಂದೆ ಎರಡೇ ದಾರಿಗಳು ಉಳಿದಿವೆ: ಒಂದು ಗುಜರಿ, ಇನ್ನೊಂದು ಲಿನಕ್ಸ್.

ಉತ್ತರ ಕನ್ನಡದ ಕರಾವಳಿಯಲ್ಲಿ ಸಾಲಾಗಿರುವ ಭಟ್ಕಳ, ಹೊನ್ನಾವರ, ಕುಮಟಾಗಳಂಥ ಊರುಗಳಿಗೆ ಇದು ಸಣ್ಣ ಪ್ರಶ್ನೆಯಲ್ಲ. ಇಲ್ಲಿ ಲ್ಯಾಪ್‌ಟಾಪೆಂಬುದು ಒಬ್ಬರ ಸೊತ್ತಲ್ಲ, ಮನೆಯ ಸೊತ್ತು. ಅಣ್ಣನ ಇಂಜಿನಿಯರಿಂಗ್ ಮುಗಿದ ಮೇಲೆ ತಂಗಿಯ ಪಿ.ಯು. ತರಗತಿಗೆ ಬರುತ್ತದೆ, ಕೊಲ್ಲಿ ದೇಶದಲ್ಲಿರುವ ಚಿಕ್ಕಪ್ಪ ರಜೆಗೆ ಬಂದಾಗ ಬಿಟ್ಟುಹೋದದ್ದು ಹತ್ತು ವರ್ಷ ಬಾಳುತ್ತದೆ. ಭಟ್ಕಳದಲ್ಲಿ 1980ರಿಂದಲೂ ಅಂಜುಮನ್ ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜಿದೆ, ಹೊನ್ನಾವರದ ಎಸ್.ಡಿ.ಎಂ. ಕಾಲೇಜು, ಕುಮಟಾದ ಡಾ. ಎ. ವಿ. ಬಾಳಿಗಾ ಕಾಲೇಜುಗಳಿಗೆ ಸುತ್ತಲಿನ ಹಳ್ಳಿಗಳ ಮಕ್ಕಳು ಬರುತ್ತಾರೆ. ಇಂಥ ಮನೆಗಳಲ್ಲಿ ಹಳೆಯ ಯಂತ್ರವೊಂದು ಉಳಿಯುವುದೋ ಹೋಗುವುದೋ ಎಂಬುದು ಒಬ್ಬ ವಿದ್ಯಾರ್ಥಿಯ ಓದಿನ ಪ್ರಶ್ನೆಯೇ ಆಗಿರುತ್ತದೆ. ಆ ಯಂತ್ರ ಮೊದಲ ದಿನವೇ ಮಸುಕು ಪರದೆಯನ್ನು ತೋರಿಸಿದರೆ ಅದನ್ನು ಮೂಲೆಗೆ ಸೇರಿಸಿ ಸಾಲ ಮಾಡಿ ಹೊಸದನ್ನು ಕೊಳ್ಳುವ ಯೋಚನೆ ಆರಂಭವಾಗುತ್ತದೆ. ಅಜ್ಞಾನಕ್ಕೆ ತೆರುವ ಈ ದಂಡವು ನಮ್ಮ ದೃಷ್ಟಿಯಲ್ಲಿ ಅನಾವಶ್ಯಕವಾದುದು.

ಹಾಗಾದರೆ ಮಸುಕು ಎಲ್ಲಿಂದ ಬಂತು? ಇದನ್ನರಿಯಲು ಪರದೆಯ ರಚನೆಯನ್ನು ಸ್ವಲ್ಪ ನೋಡಬೇಕು. ಹಿಂದಿನ ಕಾಲದ ಗಾಜಿನ ಕೊಳವೆಯ ಪರದೆಗಳಲ್ಲಿ ಎಲೆಕ್ಟ್ರಾನುಗಳ ಕಿರಣ ಚಿತ್ರವನ್ನು ಗೆರೆಗೆರೆಯಾಗಿ ಬರೆಯುತ್ತಿತ್ತು. ಗೆರೆಗಳ ಸಂಖ್ಯೆಯನ್ನು ಹೆಚ್ಚು ಕಡಿಮೆ ಮಾಡಿದರೂ ಚಿತ್ರ ಒಂದಿಷ್ಟು ಹೊಂದಿಕೊಳ್ಳುತ್ತಿತ್ತು. ಇಂದಿನ ದ್ರವಸ್ಫಟಿಕದ ಪರದೆ ಹಾಗಲ್ಲ. ಅದರಲ್ಲಿ ಪಿಕ್ಸೆಲುಗಳೆಂಬ ಬಿಂದುಗಳು ಕಾರ್ಖಾನೆಯಲ್ಲಿಯೇ ಎಣಿಸಿ ಕೂಡಿಸಿದಂತೆ ಸ್ಥಿರವಾಗಿರುತ್ತವೆ. ಒಂದು ಕಾಲದಲ್ಲಿ ಬಹು ಸಾಮಾನ್ಯವಾಗಿದ್ದ ಲ್ಯಾಪ್‌ಟಾಪ್ ಪರದೆಯಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768, ಒಟ್ಟು 10,49,088 ಬಿಂದುಗಳು. ಕಂಪ್ಯೂಟರು ಕಳುಹಿಸುವ ಚಿತ್ರವೂ ಇಷ್ಟೇ ಬಿಂದುಗಳಿಂದ ಕೂಡಿದ್ದರೆ ಪ್ರತಿಯೊಂದು ಬಿಂದುವೂ ತನ್ನ ಸ್ಥಾನದಲ್ಲಿ ಕುಳಿತು ಅಕ್ಷರಗಳು ಕೊರೆದಂತೆ ಕಾಣುತ್ತವೆ. ಆದರೆ 1024 ಅಡ್ಡ, 768 ಉದ್ದದ ಚಿತ್ರ ಬಂದಿತೆಂದು ಭಾವಿಸೋಣ. ಅದರಲ್ಲಿರುವುದು 7,86,432 ಬಿಂದುಗಳು ಮಾತ್ರ. ಎಂದರೆ ಬೇಕಾದುದರಲ್ಲಿ ಮುಕ್ಕಾಲು ಭಾಗ. ಉಳಿದ ಕಾಲು ಭಾಗವನ್ನು ಪಕ್ಕದ ಬಿಂದುಗಳ ಬಣ್ಣಗಳನ್ನು ಬೆರೆಸಿ ಊಹೆಯಿಂದಲೇ ತುಂಬಬೇಕಾಗುತ್ತದೆ. ಮೂರು ಚುಕ್ಕಿಗಳ ರಂಗೋಲಿಯನ್ನು ನಾಲ್ಕು ಚುಕ್ಕಿಗಳ ಮೇಲೆ ಎಳೆದು ಕೂಡಿಸಲು ಹೋದರೆ ಗೆರೆಗಳು ಚುಕ್ಕಿಯ ಮೇಲೂ ಬಾರದೆ ನಡುವೆಯೂ ನಿಲ್ಲದೆ ಅಂದಗೆಡುವುದಿಲ್ಲವೆ? ಪರದೆಯ ಮಸುಕೆಂದರೆ ಇದೇ. ಉದ್ದಕ್ಕೆ ಹಿಗ್ಗದೆ ಅಡ್ಡಕ್ಕೆ ಮಾತ್ರ ಹಿಗ್ಗುವುದರಿಂದ ವೃತ್ತಗಳು ಮೊಟ್ಟೆಯಾಕಾರ ತಾಳುತ್ತವೆ.

ಈ ಕಾಲು ಭಾಗದ ಊಹೆಯಿಂದ ಹೆಚ್ಚು ಪೆಟ್ಟು ತಿನ್ನುವುದು ನಮ್ಮ ಲಿಪಿ. ರೋಮನ್ ಲಿಪಿಯ ಅಕ್ಷರಗಳು ನೆಟ್ಟಗೆ ನಿಂತ ಗೆರೆಗಳಿಂದ ಕೂಡಿದ್ದು, ಸ್ವಲ್ಪ ಮಸುಕಾದರೂ ಗುರುತು ಸಿಗುತ್ತವೆ. ಕನ್ನಡದಲ್ಲಿ 'ದ'ಕಾರಕ್ಕೂ 'ಧ'ಕಾರಕ್ಕೂ ಇರುವ ಅಂತರ ಕೆಳಗಿನ ಒಂದು ಸೀಳು ಮಾತ್ರ. 'ಥ'ಕಾರದ ಗುರುತು ಹೊಟ್ಟೆಯೊಳಗಿನ ಒಂದು ಚುಕ್ಕೆ. ಸಣ್ಣ ಅಕ್ಷರಗಳಲ್ಲಿ ಈ ಸೀಳಿಗೂ ಚುಕ್ಕೆಗೂ ದೊರೆಯುವುದು ಒಂದೆರಡು ಪಿಕ್ಸೆಲುಗಳ ಜಾಗ. ಅದು ಕಲಸಿಹೋದರೆ 'ದನ'ಕ್ಕೂ 'ಧನ'ಕ್ಕೂ ಭೇದವಿಲ್ಲ! 'ಸ್ತ್ರೀ', 'ರಾಷ್ಟ್ರ' ಮುಂತಾದ ಶಬ್ದಗಳ ಒತ್ತಕ್ಷರಗಳಂತೂ ಒಂದು ಕಪ್ಪು ಮುದ್ದೆಯಾಗುತ್ತವೆ. ಭಟ್ಕಳದಲ್ಲಿ ಕನ್ನಡದೊಡನೆ ಉರ್ದುವೂ, ಅದೇ ಬಗೆಯ ಲಿಪಿಯಲ್ಲಿ ಬರೆಯುವ ನವಾಯತಿಯೂ ರೂಢಿಯಲ್ಲಿವೆ. ಆ ಲಿಪಿಯಲ್ಲಿ ಒಂದೇ ಮೈಯ ಅಕ್ಷರಗಳನ್ನು ಬೇರ್ಪಡಿಸುವುದು ಮೇಲೆ ಕೆಳಗೆ ಇಡುವ ಚುಕ್ಕೆಗಳೇ. ಎರಡೆರಡು ಲಿಪಿಗಳಲ್ಲಿ ಓದುವ ಊರಿನ ವಿದ್ಯಾರ್ಥಿಗೆ ಮಸುಕು ಪರದೆಯಿಂದ ಎರಡು ಪಟ್ಟು ನಷ್ಟ. ಆದುದರಿಂದ ಇದನ್ನು ಅಂದಚೆಂದದ ಪ್ರಶ್ನೆಯೆಂದು ತಳ್ಳಿಹಾಕುವುದು ಸಲ್ಲದು. ಇದು ಓದುವಿಕೆಯ ಪ್ರಶ್ನೆ.

ಇನ್ನು, ಕಂಪ್ಯೂಟರು ಪರದೆಗೆ ಹೊಂದದ ಚಿತ್ರವನ್ನೇಕೆ ಕಳುಹಿಸುತ್ತದೆ? ಪರದೆಯೇನೋ ತನ್ನ ಅಳತೆಯನ್ನು ಮುಚ್ಚಿಡುವುದಿಲ್ಲ. 1994ರಲ್ಲಿ ರೂಪುಗೊಂಡ 'ಇಡಿಐಡಿ' ಎಂಬ ಮಾನಕದ ಪ್ರಕಾರ ಪ್ರತಿಯೊಂದು ಪರದೆಯೂ 128 ಬೈಟುಗಳ ಒಂದು ಪರಿಚಯ ಪತ್ರವನ್ನು ತನ್ನೊಳಗಿಟ್ಟುಕೊಂಡಿರುತ್ತದೆ. ಕೇಳಿದವರಿಗೆ ಅದನ್ನು ಒಪ್ಪಿಸುತ್ತದೆ. ಕೇಳಿ ತಿಳಿದು, ಅದರಂತೆ ಚಿತ್ರಣದ ಚಿಪ್ಪಿಗೆ ಆಜ್ಞೆ ನೀಡಬೇಕಾದುದು ಡ್ರೈವರ್ ಎಂಬ ಚಾಲಕ ತಂತ್ರಾಂಶ. ವಿಜಯನಗರದ ಕಾಲದಲ್ಲಿ ಭಟ್ಕಳದ ಬಂದರಿನಲ್ಲಿ ಅರಬ್ಬೀ ಕುದುರೆಗಳು ಇಳಿಯುತ್ತಿದ್ದುದನ್ನು ವಾಚಕರು ಬಲ್ಲರು. ಎರಡು ಭಾಷೆಗಳವರ ನಡುವೆ ಅಂಥ ವ್ಯಾಪಾರ ಕುದುರಬೇಕಾದರೆ ನಡುವೆ ದುಭಾಷಿಯೊಬ್ಬ ಬೇಕು. ದುಭಾಷಿಗೆ ಎರಡು ಭಾಷೆಗಳೂ ಚೆನ್ನಾಗಿ ಬಂದರೆ ಕುದುರೆಯ ತಳಿ, ವಯಸ್ಸು, ರೋಗ ಎಲ್ಲವನ್ನೂ ಕೇಳಬಹುದು. 'ಎಷ್ಟು?', 'ಕೊಡು', 'ಬೇಡ' ಎಂಬ ಮೂರು ಮಾತು ಮಾತ್ರ ಬಲ್ಲವನಿದ್ದರೆ ವ್ಯಾಪಾರ ನಡೆದೀತು, ಆದರೆ ಹೇಗೋ ನಡೆದೀತು.

ಸರ್ವಸಾಮಾನ್ಯ ಡ್ರೈವರ್ ಈ ಎರಡನೆಯ ಬಗೆಯ ದುಭಾಷಿ. ವೆಸಾ ಎಂಬ ಅಂತರರಾಷ್ಟ್ರೀಯ ಸಂಘ ಎಲ್ಲ ತಯಾರಕರ ಚಿಪ್ಪುಗಳಿಗೂ ಅರ್ಥವಾಗುವ ಕೆಲವು ಕನಿಷ್ಠ ಆಜ್ಞೆಗಳನ್ನು ಹಿಂದೆಯೇ ಗೊತ್ತುಪಡಿಸಿತ್ತು. 640ಕ್ಕೆ 480, 800ಕ್ಕೆ 600, 1024ಕ್ಕೆ 768 ಮುಂತಾಗಿ ಅದರಲ್ಲಿದ್ದ ಅಳತೆಗಳು ಬಹುಪಾಲು ಹಳೆಯ ಚೌಕಾಕಾರದ ಪರದೆಗಳವು. ಅಗಲ ಪರದೆಗಳು ಬಂದ ಮೇಲೆ ಈ ಪಟ್ಟಿ ಹಿಂದುಳಿಯಿತು. ಹೊಸ ಯಂತ್ರಗಳಲ್ಲಿ ಚಾಲನೆಯ ವೇಳೆಯಲ್ಲಿಯೇ ಯಂತ್ರದ ಫರ್ಮ್‌ವೇರು ಪರದೆಯನ್ನು ಸರಿಯಾದ ಅಳತೆಗೆ ಒಯ್ಯುವುದುಂಟು. ಅಲ್ಲಿ ಮಸುಕು ಕಾಣದಿದ್ದರೂ ಸರ್ವಸಾಮಾನ್ಯ ಡ್ರೈವರಿನ ಕೈಯಲ್ಲಿ ಬೆಳಕಿನ ಹೆಚ್ಚು ಕಡಿಮೆ ಸಾಧ್ಯವಾಗದೆ, ಹೊರಗಿನ ಪರದೆ ಜೋಡಣೆಯಾಗದೆ, ಚಿತ್ರಣದ ಭಾರವೆಲ್ಲ ಮುಖ್ಯ ಪ್ರೊಸೆಸರಿನ ಮೇಲೆ ಬಿದ್ದು ಯಂತ್ರ ಕಾಯುತ್ತದೆ. ರೋಗ ಒಂದೇ, ಲಕ್ಷಣ ಬೇರೆ.

ಇಷ್ಟು ಹೇಳಿದ ಮಾತ್ರಕ್ಕೆ ಸರ್ವಸಾಮಾನ್ಯ ಡ್ರೈವರನ್ನು ನಾವು ದೂಷಿಸುತ್ತಿದ್ದೇವೆಂದು ತಿಳಿಯಬಾರದು. ಅದಿಲ್ಲದಿದ್ದರೆ ಮಸುಕು ಪರದೆಯ ಬದಲು ಕಪ್ಪು ಪರದೆಯೇ ಗತಿಯಾಗುತ್ತಿತ್ತು. ಆಪತ್ತಿಗೆ ಒದಗಿದವನು ಅವನು. ಅವನನ್ನೇ ಕಾಯಂ ನೌಕರನನ್ನಾಗಿ ಮಾಡಿಕೊಂಡದ್ದು ನಮ್ಮ ತಪ್ಪು. ಇದು ಆಗುವ ಬಗೆಯೂ ವಿಚಿತ್ರ. ಲಿನಕ್ಸನ್ನು ಅನುಸ್ಥಾಪಿಸುವಾಗ ಪರದೆ ಕಪ್ಪಾದೀತೆಂಬ ಭಯದಿಂದ ಕೆಲವರು 'ಸೇಫ್ ಗ್ರಾಫಿಕ್ಸ್' ಎಂಬ ಸುರಕ್ಷಿತ ಮಾರ್ಗವನ್ನು ಆರಿಸಿಕೊಳ್ಳುತ್ತಾರೆ. ಆಗ 'ನೋಮೋಡ್‌ಸೆಟ್' ಎಂಬ ಒಂದು ಪದ ಚಾಲನೆಯ ಆಜ್ಞೆಗೆ ಸೇರಿಕೊಳ್ಳುತ್ತದೆ. ಪರದೆಯ ಅಳತೆಯನ್ನು ನಿರ್ಧರಿಸುವ ಕೆಲಸಕ್ಕೆ ಕೈಹಾಕಬೇಡವೆಂದು ಲಿನಕ್ಸಿನ ತಿರುಳಿಗೆ ಹೇಳುವ ಪದವದು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ತಿರುಳು 2009ರಿಂದೀಚೆಗೆ ಆ ಕೆಲಸವನ್ನು ತಾನೇ ಸೊಗಸಾಗಿ ಮಾಡುತ್ತ ಬಂದಿದೆ. ಆದರೆ ಅನುಸ್ಥಾಪನೆ ಮುಗಿದ ಮೇಲೂ ಆ ಪದ ಅಳಿಸಿಹೋಗದೆ ಉಳಿದುಬಿಡುವುದುಂಟು. ಇಂಟೆಲ್ ಚಿತ್ರಣದ ಸಾಮಾನ್ಯ ಲ್ಯಾಪ್‌ಟಾಪಿಗೆ ಬೇಕಾದ ಉತ್ತಮ ಡ್ರೈವರ್ ತಿರುಳಿನಲ್ಲಿಯೇ ಇದ್ದರೂ ಬಾಗಿಲ ಹೊರಗೆ ನಿಂತಿರುತ್ತದೆ. ಮನೆಗೆ ಬಂದ ವೈದ್ಯನನ್ನು ಜಗಲಿಯಲ್ಲಿ ಕೂರಿಸಿ ರೋಗಿ ಒಳಗೆ ನರಳಿದಂತೆ!

ಪರೀಕ್ಷೆ ಸುಲಭ. ಪರದೆಯ ಮೇಲೆ ಒಂದು ವೃತ್ತವನ್ನು ಬರೆದು ನೋಡಬೇಕು; ಅದು ಅಡ್ಡಗಲವಾಗಿದ್ದರೆ ಅಳತೆ ತಪ್ಪಿದೆಯೆಂದೇ ಅರ್ಥ. ಕರಾವಳಿಯ ಉಪ್ಪುಗಾಳಿ ಯಂತ್ರಗಳಿಗೆ ಶತ್ರುವೆಂಬುದು ನಿಜವಾದರೂ ಅದು ವೃತ್ತವನ್ನು ಮೊಟ್ಟೆ ಮಾಡಲಾರದು. ಬಳಿಕ ಸೆಟಿಂಗ್ಸಿನ ಡಿಸ್‌ಪ್ಲೇ ಪುಟದಲ್ಲಿ ಪರದೆಯ ಸಹಜ ಅಳತೆ ಇದೆಯೇ ಎಂದು ನೋಡಬೇಕು. ಅಲ್ಲಿ 1024ಕ್ಕೆ 768 ಎಂಬ ಒಂದೇ ಆಯ್ಕೆಯಿದ್ದು, ಎಬೌಟ್ ಪುಟದ ಗ್ರಾಫಿಕ್ಸ್ ಸಾಲಿನಲ್ಲಿ 'ಎಲ್‌ಎಲ್‌ವಿಎಂ ಪೈಪ್' ಎಂದು ಬರೆದಿದ್ದರೆ ಸಂದೇಹವೇ ಬೇಡ, ಚಿಪ್ಪು ಸುಮ್ಮನೆ ಕುಳಿತಿದೆ. ಆಗ ಯಂತ್ರ ಏಳುವಾಗ ಬರುವ ಗ್ರಬ್ ಪಟ್ಟಿಯಲ್ಲಿ 'ಇ' ಕೀಲಿಯನ್ನೊತ್ತಿ, ನೋಮೋಡ್‌ಸೆಟ್ ಪದ ಕಂಡರೆ ಅಳಿಸಿ, ಒಮ್ಮೆ ಚಾಲನೆ ಮಾಡಬೇಕು. ಇದು ಆ ಒಂದು ಸಲಕ್ಕೆ ಮಾತ್ರ. ಕೆಟ್ಟರೆ ಯಂತ್ರವನ್ನು ಆರಿಸಿ ಹೊತ್ತಿಸಿದೊಡನೆ ಹಿಂದಿನ ಸ್ಥಿತಿಯೇ ಮರಳುತ್ತದೆ. ಪರದೆ ಸ್ವಚ್ಛವಾದರೆ ಗ್ರಬ್‌ನ ಕಡತದಲ್ಲಿಯೂ ಆ ಪದವನ್ನು ತೆಗೆದು, ಗ್ರಬ್ಬನ್ನು ನವೀಕರಿಸುವ ಆಜ್ಞೆಯನ್ನು ಕೊಟ್ಟರಾಯಿತು.

ಪದವೇ ಇಲ್ಲದಿದ್ದಾಗ ಮೂರು ಕಾರಣಗಳನ್ನು ಹುಡುಕಬೇಕು. ತಿರುಳು ಯಂತ್ರಕ್ಕಿಂತ ಹಳೆಯದಾಗಿರಬಹುದು. ಹೊಸ ಆವೃತ್ತಿ ಹಾಕಬೇಕು. ಎಎಂಡಿ ಮೊದಲಾದ ಚಿಪ್ಪುಗಳಿಗೆ ಬೇಕಾದ ಫರ್ಮ್‌ವೇರ್ ಕಡತಗಳು ಇಲ್ಲದಿರಬಹುದು. ಡೆಬಿಯನ್ ಬಳಗ ಇಂಥ ಕಡತಗಳನ್ನು ತನ್ನ ಅಧಿಕೃತ ಅನುಸ್ಥಾಪನಾ ಮಾಧ್ಯಮದಲ್ಲಿ ಸೇರಿಸಿದ್ದು 2023ರ ಆವೃತ್ತಿಯಿಂದ ಮಾತ್ರ. ಎನ್‌ವಿಡಿಯಾ ಚಿಪ್ಪಾದರೆ ಉಬುಂಟುವಿನ 'ಅಡಿಷನಲ್ ಡ್ರೈವರ್ಸ್' ಎಂಬ ಪುಟದಿಂದ ತಕ್ಕ ಡ್ರೈವರನ್ನು ಹಾಕಿಕೊಳ್ಳಬೇಕಾದೀತು. ಅಳತೆ ಸರಿಯಿದ್ದೂ ಕೆಲವು ತಂತ್ರಾಂಶಗಳ ಅಕ್ಷರ ಮಾತ್ರ ಮಸುಕಾಗಿದ್ದರೆ ಪರದೆಯನ್ನು ಶೇಕಡ 125ಕ್ಕೆ ಹಿಗ್ಗಿಸಿರುವುದು ಕಾರಣವಿರಬಹುದು. ಅದನ್ನು ಶೇಕಡ 100ಕ್ಕಿಳಿಸಿ ಅಕ್ಷರದ ಗಾತ್ರವನ್ನಷ್ಟೇ ಹಿಗ್ಗಿಸುವುದು ಲೇಸು.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ಇಷ್ಟೆಲ್ಲ ತಾಪತ್ರಯ ಲಿನಕ್ಸಿನಲ್ಲಿಯೇ ಏಕೆ, ಅದು ಅದರ ಕುಂದಲ್ಲವೇ ಎಂದು ಕೆಲವರು ಕೇಳುತ್ತಾರೆ. ಇದಕ್ಕೆ ಉತ್ತರವನ್ನು ಚರಿತ್ರೆಯಿಂದಲೇ ಕೊಡಬಹುದು. 2008ರ ಸುಮಾರಿನಲ್ಲಿ ಬಂದ ಕೆಲವು ಪುಟ್ಟ ಲ್ಯಾಪ್‌ಟಾಪುಗಳಲ್ಲಿ ಜಿಎಂಎ 500 ಎಂಬ ಚಿತ್ರಣದ ಚಿಪ್ಪಿತ್ತು. ಹೆಸರು ಇಂಟೆಲ್ಲಿನದಾದರೂ ಅದರ ಒಳಗಿನ ಚಿತ್ರಣ ಭಾಗ ಇಮ್ಯಾಜಿನೇಷನ್ ಟೆಕ್ನಾಲಜೀಸ್ ಎಂಬ ಬೇರೊಂದು ಸಂಸ್ಥೆಯದು. ಅದರ ವಿವರಗಳು ಬಹಿರಂಗವಾಗಿರಲಿಲ್ಲ. ಇಂಟೆಲ್ಲಿನ ಇತರ ಚಿಪ್ಪುಗಳಿಗೆ ಲಿನಕ್ಸಿನಲ್ಲಿ ಒಳ್ಳೆಯ ಡ್ರೈವರುಗಳಿದ್ದರೂ ಇದೊಂದಕ್ಕೆ ಇಲ್ಲದೆ, ಕೊಂಡವರು ಮಸುಕು ಪರದೆಯೊಡನೆ ಏಗಬೇಕಾಯಿತು. ಕೊನೆಗೆ 2011ರಲ್ಲಿ ಅಲನ್ ಕಾಕ್ಸ್ ಎಂಬ ಹಿರಿಯ ತಂತ್ರಜ್ಞರು ಪರದೆಯನ್ನು ಸಹಜ ಅಳತೆಗೆ ತರಬಲ್ಲ ಡ್ರೈವರೊಂದನ್ನು ತಿರುಳಿಗೆ ಸೇರಿಸಿದರು. ಇನ್ನೊಂದೆಡೆ ಎಎಂಡಿ 2007ರಲ್ಲಿ ತನ್ನ ಚಿಪ್ಪುಗಳ ವಿವರಗಳನ್ನು ಪ್ರಕಟಿಸುವ ನಿರ್ಧಾರ ಕೈಗೊಂಡಿತು. ಇಂದು ಅದರ ಡ್ರೈವರುಗಳು ತಿರುಳಿನೊಡನೆಯೇ ಬರುತ್ತವೆ. ಎನ್‌ವಿಡಿಯಾ ಸಂಸ್ಥೆಯಾದರೋ ತನ್ನ ಡ್ರೈವರಿನ ತಿರುಳಿಗೆ ಸೇರಿದ ಭಾಗದ ಮೂಲವನ್ನು ತೆರೆದದ್ದು 2022ರಲ್ಲಿ. ಅದೂ ಹೊಸ ಪೀಳಿಗೆಯ ಚಿಪ್ಪುಗಳಿಗೆ ಮಾತ್ರ. ಅಲ್ಲಿಯವರೆಗೆ ನೂವೋ ಬಳಗದ ಸ್ವಯಂಸೇವಕರು ಆ ಚಿಪ್ಪುಗಳ ಗುಟ್ಟನ್ನು ಹೊರಗಿನಿಂದ ಪರೀಕ್ಷಿಸಿ ಊಹಿಸಿ ಬರೆಯಬೇಕಾಗಿತ್ತು. ಇವನ್ನೆಲ್ಲ ಒಟ್ಟಿಗೆ ನೋಡಿದರೆ ಒಂದು ಸೂತ್ರ ಸ್ಪಷ್ಟವಾಗುತ್ತದೆ: ವಿವರ ಎಲ್ಲಿ ತೆರೆದಿದೆಯೋ ಅಲ್ಲಿ ಪರದೆ ಸ್ವಚ್ಛ, ಎಲ್ಲಿ ಮುಚ್ಚಿದೆಯೋ ಅಲ್ಲಿ ಮಸುಕು. ಕುಂದು ಲಿನಕ್ಸಿನದಲ್ಲ, ಕೊಂಡವನಿಗೆ ತಾನು ಕೊಂಡ ವಸ್ತುವಿನ ಭಾಷೆಯನ್ನು ಹೇಳಿಕೊಡದ ವ್ಯಾಪಾರ ನೀತಿಯದು.

ಹಾಗಿದ್ದರೆ ಮಾಡತಕ್ಕದ್ದೇನು? ಭಟ್ಕಳದಿಂದ ಅದೇ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋದರೆ ಕಾಸರಗೋಡು ಸಿಗುತ್ತದೆ. ಅಲ್ಲಿಯ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳ ಮಕ್ಕಳು ಕಂಪ್ಯೂಟರನ್ನು ಕಲಿಯುವುದು ಲಿನಕ್ಸಿನಲ್ಲಿಯೇ. ಕೇರಳ ಸರಕಾರವು ಐಟಿ ಅಟ್ ಸ್ಕೂಲ್ ಎಂಬ ಯೋಜನೆಯಿಂದ ಆರಂಭಿಸಿ, 2017ರಲ್ಲಿ ಅದನ್ನು ಕೈಟ್ ಎಂಬ ಸಂಸ್ಥೆಯಾಗಿ ರೂಪಿಸಿ, ಶಾಲೆಗಳಿಗೆಂದೇ ಲಿನಕ್ಸನ್ನು ಸಿದ್ಧಪಡಿಸಿ ಶಿಕ್ಷಕರಿಗೆ ತರಬೇತಿ ಕೊಡುತ್ತ ಬಂದಿದೆ. ಅಲ್ಲಿ ಯಂತ್ರ ಮೊಂಡು ಹಿಡಿದರೆ ಕೇಳಲು ಜನರಿದ್ದಾರೆ. ನಮ್ಮ ರಾಜ್ಯದಲ್ಲಿಯೂ ಪ್ರೌಢಶಾಲಾ ಶಿಕ್ಷಕರಿಗಾಗಿ ನಡೆದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಉಬುಂಟುವನ್ನು ಬಳಸಿದ್ದುಂಟು. ಆದುದರಿಂದ ಇದು ಕನ್ನಡಿಗರ ಕೈಗೆಟುಕದ ವಿದ್ಯೆಯೇನಲ್ಲ. ಕರಾವಳಿಯ ಮೂರು ಊರುಗಳಿಗೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಕೇಳಲು ಒಂದು ಸ್ಥಳ.

ನಮ್ಮ ಸಲಹೆ ಇಷ್ಟೇ. ಮೊದಲನೆಯದಾಗಿ, ಈ ಊರುಗಳ ಕಾಲೇಜುಗಳು ತಮ್ಮ ಪ್ರಯೋಗಶಾಲೆಯನ್ನು ತಿಂಗಳಿಗೊಂದು ಶನಿವಾರದ ಮಧ್ಯಾಹ್ನ ಸಾರ್ವಜನಿಕರಿಗೆ ತೆರೆದಿಡಲಿ. ಬೇಕಾದ ಕಡತಗಳನ್ನು ಒಂದೆರಡು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡರೆ ಮಳೆಗಾಲದಲ್ಲಿ ಅಂತರಜಾಲ ಕೈಕೊಟ್ಟಾಗಲೂ ಕೆಲಸ ನಿಲ್ಲದು. ಪುಸ್ತಕದಲ್ಲಿ ಆಪರೇಟಿಂಗ್ ಸಿಸ್ಟಂ ಓದುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ದೊರೆಯಲಾರದು. ಎರಡನೆಯದಾಗಿ, ದುರಸ್ತಿ ಅಂಗಡಿಯವರು ಪರದೆಯನ್ನು ಬದಲಾಯಿಸುವ ಮುನ್ನ ಡ್ರೈವರನ್ನು ಪರೀಕ್ಷಿಸುವ ಪದ್ಧತಿಯಿಟ್ಟುಕೊಳ್ಳಲಿ; ಆ ಪರೀಕ್ಷೆಗೆ ಹಣ ಪಡೆದರೂ ಗಿರಾಕಿ ಬೇಸರಪಡಲಾರ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸರಕಾರಿ ಹಣದಿಂದ ವಿದ್ಯಾರ್ಥಿಗಳಿಗೆಂದು ಕೊಳ್ಳುವ ಪ್ರತಿಯೊಂದು ಲ್ಯಾಪ್‌ಟಾಪಿನ ಚಿತ್ರಣದ ಚಿಪ್ಪಿಗೂ ಲಿನಕ್ಸಿನ ತಿರುಳಿನಲ್ಲಿಯೇ ಮುಕ್ತ ಡ್ರೈವರ್ ಇರತಕ್ಕದ್ದೆಂಬ ಒಂದು ವಾಕ್ಯವನ್ನು ಟೆಂಡರಿನಲ್ಲಿ ಸೇರಿಸಬೇಕು. ಒಬ್ಬ ಗಿರಾಕಿಯ ಮಾತಿಗೆ ಕಿವಿಗೊಡದ ತಯಾರಕರು ಸಾವಿರಾರು ಯಂತ್ರಗಳ ಗಿರಾಕಿಯ ಮಾತನ್ನು ಕೇಳಿಯೇ ಕೇಳುತ್ತಾರೆ.

ಕೊಂಡ ವಸ್ತುವನ್ನು ಅರಿತು ದುರಸ್ತಿ ಮಾಡಿ ಬಾಳಿಸುವುದು ನಮ್ಮ ಮನೆಗಳಿಗೆ ಹೊಸ ಗುಣವಲ್ಲ. ದೋಣಿಗೆ ಎಣ್ಣೆ ಹಚ್ಚಿ, ಬಲೆಯ ಹರಿದ ಕಣ್ಣುಗಳನ್ನು ಹೊಲಿದು, ಪ್ರತಿ ಮಳೆಗಾಲದ ತರುವಾಯ ಮನೆಯ ಹೆಂಚು ಕೈಯಾಡಿಸುವ ಜನರು ನಾವು. ಲ್ಯಾಪ್‌ಟಾಪಿನ ವಿಷಯದಲ್ಲಿ ಮಾತ್ರ ಅದು ಮುಚ್ಚಿದ ಪೆಟ್ಟಿಗೆಯೆಂದು ಕೈಕಟ್ಟಿ ಕೂರುವುದೇಕೆ? ಆ ಪೆಟ್ಟಿಗೆಯ ಮುಚ್ಚಳವನ್ನು ಲಿನಕ್ಸ್ ತೆರೆದಿಟ್ಟಿದೆ. ಪರದೆಯ ಮಸುಕನ್ನು ಕಂಡು ಹೊಸ ಯಂತ್ರಕ್ಕೆ ಹಣ ಹೊಂದಿಸಲು ಹೊರಟವರು ಅದಕ್ಕೆ ಮುನ್ನ ಅರ್ಧ ಗಂಟೆ ವ್ಯಯಿಸಿ ಒಂದು ವೃತ್ತವನ್ನು ಬರೆದು, ಒಂದು ಪದವನ್ನು ಹುಡುಕಿ ನೋಡಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಆ ಅರ್ಧ ಗಂಟೆಯಿಂದ ಉಳಿಯುವ ಹಣ ಮನೆಯದು; ದೊರೆಯುವ ವಿದ್ಯೆ ಮನೆಯ ಮಕ್ಕಳದು.